ಚಿತ್ರ ನೋಡಿ ಕವಿತೆ ಬರೆಯುವುದು ಹೇಗೆ? ಚಾವಡಿಯ ಗೋಡೆಯಿಂದಲೇ ಶುರು ಮಾಡಿ

ನಮ್ಮ ಕಡೆಯ ಹಳೆಯ ಮನೆಗಳ ಚಾವಡಿಯಲ್ಲಿ ಆ ಒಂದು ಚಿತ್ರವನ್ನು ನೀವೂ ನೋಡಿರುತ್ತೀರಿ. ಒಬ್ಬಳು ಹೆಂಗಸು ಒಂದು ಕೈಯಲ್ಲಿ ದೀಪ ಹಿಡಿದಿದ್ದಾಳೆ. ಇನ್ನೊಂದು ಕೈಯನ್ನು ದೀಪಕ್ಕೆ ಅಡ್ಡ ಹಿಡಿದಿದ್ದಾಳೆ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಅಜ್ಜನಮನೆಯಲ್ಲೂ ಅದರ ಪ್ರಿಂಟು ಇತ್ತು. ಚೌಕಟ್ಟಿನ ಒಂದು ಮೂಲೆಗೆ ಗೆದ್ದಲು ಹಿಡಿದಿತ್ತು.

ಇಪ್ಪತ್ತು ವರ್ಷದ ಹಿಂದೆ ಅದರ ಮೇಲೆ ನಾನೊಂದು ಕವಿತೆ ಬರೆದು ಒಂದು ಕವಿಗೋಷ್ಠಿಯಲ್ಲಿ ಓದಿದೆ. 'ರಾಜಾ ರವಿವರ್ಮನ ಚಿತ್ರ ನೋಡಿ' ಎಂದು ಮೊದಲೇ ಘೋಷಿಸಿದ್ದೆ. ಚಪ್ಪಾಳೆಯೂ ಬಿತ್ತು. ಆಮೇಲೆ ನಿವೃತ್ತ ಡ್ರಾಯಿಂಗ್ ಮಾಷ್ಟ್ರೊಬ್ಬರು ಚಾ ಗ್ಲಾಸು ಹಿಡಿದುಕೊಂಡು ಹತ್ತಿರ ಬಂದರು. "ಕವಿತೆ ಇರಲಿ ಮಾರಾಯ, ಆ ಚಿತ್ರ ರವಿವರ್ಮನದ್ದಲ್ಲ. ಅದಿರಲಿ, ದೀಪ ಯಾವ ಕೈಯಲ್ಲಿದೆ ಹೇಳು?"

ನನಗೆ ಹೇಳಲು ಬರಲಿಲ್ಲ. ಹುಟ್ಟಿದಾಗಿನಿಂದ ಕಣ್ಣೆದುರು ಇದ್ದ ಚಿತ್ರ ಅದು!

ಆ ಪ್ರಶ್ನೆಯ ನಂತರ ನಾನು ಬರೆಯುವ ಕ್ರಮವನ್ನೇ ಬದಲಾಯಿಸಿದೆ. ಆ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ. ಪೂರ್ತಿ ನನ್ನ ಬುದ್ಧಿ ಅಲ್ಲ, ಅರ್ಧ ಆ ಮಾಷ್ಟ್ರದ್ದು.

ಇದು ಹೊಸ ಕಸುಬೇನಲ್ಲ

ಹೋಮರನ ಇಲಿಯಡ್‌ನ 18ನೇ ಸರ್ಗದಲ್ಲಿ ಅಕಿಲೀಸನ ಗುರಾಣಿಯ ಮೇಲಿನ ಚಿತ್ರಗಳ ವರ್ಣನೆ ಬಹಳ ಉದ್ದಕ್ಕೆ ಬರುತ್ತದೆ. ಪಶ್ಚಿಮದವರು ಈ ಬಗೆಯ ಬರವಣಿಗೆಗೆ ಎಕ್‌ಫ್ರಾಸಿಸ್ ಎನ್ನುತ್ತಾರೆ. ಹೆಸರು ಬಾಯಿಗೆ ಬಾರದಿದ್ದರೆ ಬಿಡಿ. ಕನ್ನಡದಲ್ಲಿ ಡಿ.ವಿ.ಜಿ. ಅವರ 'ಅಂತಃಪುರ ಗೀತೆಗಳು' ಇದೇ ಕೆಲಸ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಹೊರಗೋಡೆಯ ಮೇಲೆ 38, ಒಳಗೆ ನವರಂಗದಲ್ಲಿ 4 ಶಿಲಾಬಾಲಿಕೆಯರಿದ್ದಾರೆ. ಅವರನ್ನು ನೋಡಿ ಕಟ್ಟಿದ ಹಾಡುಗಳು ಅವು. ಬಹಳಷ್ಟು ಕಡೆ ಡಿ.ವಿ.ಜಿ. ಆ ಕಲ್ಲಿನ ಹೆಣ್ಣನ್ನೇ ಮಾತಾಡಿಸುತ್ತಾರೆ. ಏನಮ್ಮಾ ಇಷ್ಟು ಸಂತೋಷ, ಯಾರಿಗಾಗಿ ಈ ಕೋಪ ಎನ್ನುವ ಧಾಟಿ. ಶಿಲ್ಪ ಉತ್ತರ ಕೊಡುವುದಿಲ್ಲ. ಹಾಡು ಬೆಳೆಯುವುದು ಆ ಮೌನದಿಂದಲೇ.

ಚಿತ್ರಬಂಧ ಬೇರೆ, ಇದು ಬೇರೆ. ಅಕ್ಷರಗಳನ್ನೇ ತಾವರೆಯ ಹಾಗೆ, ಹಾವಿನ ಹಾಗೆ ಜೋಡಿಸುವುದು ಚಿತ್ರಬಂಧ. ಹಾಗೆ ಜೋಡಿಸಲು ಬೇಕಾದ ತಾಳ್ಮೆ ನನಗಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಚಿತ್ರವನ್ನೂ 'ಬರೆಯುತ್ತೇವೆ', ಕವಿತೆಯನ್ನೂ 'ಬರೆಯುತ್ತೇವೆ'. ತೆಯ್ಯಂ, ಅಂದರೆ ಉತ್ತರ ಕೇರಳದ ದೈವದ ವೇಷ, ಕಟ್ಟುವಾಗ ಮುಖಕ್ಕೆ ಬಣ್ಣ ಹಾಕುವುದಕ್ಕೆ ಮಲಯಾಳದಲ್ಲಿ 'ಮುಖತ್ತೆಳುತ್ತ್' ಎನ್ನುತ್ತಾರೆ, ಅಂದರೆ ಮುಖದ ಬರಹ. ಕಾಸರಗೋಡಿನವರಿಗೆ ಎರಡು ಭಾಷೆಗಳೂ ಇದನ್ನು ಕಿವಿಯಲ್ಲಿ ಹೇಳಿಯೇ ಬಿಟ್ಟಿವೆ, ಅಲ್ವಾ?

ಮೊದಲು ಚಿತ್ರ ಆರಿಸಿ, ತೀರಾ ದೊಡ್ಡದು ಬೇಡ

ಹೊಸಬರು ಬಹಳ ಮಂದಿ ಮೋನಾ ಲೀಸಾಗೇ ಕೈ ಹಾಕುತ್ತಾರೆ. ಅವಳ ನಗೆಯ ಬಗ್ಗೆ ಜಗತ್ತೇ ಬರೆದು ಮುಗಿಸಿದೆ. ನೀವು ಇಪ್ಪತ್ತು ಸಲವಾದರೂ ಹತ್ತಿರ ಹೋಗಿ ನಿಲ್ಲಬಹುದಾದ ಒಂದನ್ನು ಆರಿಸಿ.

ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರ ಇಲ್ಲ. ಮಧೂರು ದೇವಸ್ಥಾನದ ಮರದ ಕೆತ್ತನೆ ಇದೆ. ಅದರ ಮೂರು ಅಂತಸ್ತಿನ ಗಜಪೃಷ್ಠದ ಮಾಡು, ಅಂದರೆ ಆನೆಯ ಬೆನ್ನಿನ ಹಾಗೆ ಬಾಗಿದ ಛಾವಣಿ, ಅದೇ ಒಂದು ಶಿಲ್ಪ. ಕುಂಬಳೆಯ ಹತ್ತಿರ ಅನಂತಪುರದ ಸರೋವರ ದೇವಸ್ಥಾನದಲ್ಲಿ ಗೋಡೆಯ ಚಿತ್ರಗಳಿವೆ. ಕೇರಳದ ಭಿತ್ತಿಚಿತ್ರಕ್ಕೆ ಮೂಲದಲ್ಲಿ ಐದೇ ಬಣ್ಣ: ಹಳದಿ, ಕೆಂಪು, ಹಸಿರು, ಕಪ್ಪು, ಬಿಳಿ. ಐದೇ ಬಣ್ಣದಲ್ಲಿ ಇಷ್ಟೆಲ್ಲ ಹೇಳಿದರಲ್ಲ ಎಂದು ನೋಡುವುದೇ ಕವಿಗೆ ಒಂದು ಪಾಠ. ಕಾಞಂಗಾಡಿನಲ್ಲಿ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಇದೆ. ಇದ್ಯಾವುದೂ ಆಗದಿದ್ದರೆ ಮನೆಯ ಕ್ಯಾಲೆಂಡರು ಸಾಕು.

ಒಂದು ಎಚ್ಚರಿಕೆ ಬೇಕು. ತೆಯ್ಯವನ್ನಾಗಲಿ ಭೂತವನ್ನಾಗಲಿ ಬರೀ 'ಕಲಾಕೃತಿ' ಎಂದು ನೋಡಲು ಹೋಗಬೇಡಿ. ಎಷ್ಟೋ ತೆಯ್ಯಗಳಲ್ಲಿ ಕಟ್ಟುವವನು ಅಂಗಾತ ಮಲಗಿರುತ್ತಾನೆ, ಇನ್ನೊಬ್ಬ ಅವನ ಮುಖ ಬರೆಯುತ್ತಾನೆ. ಎಲ್ಲ ಆದ ಮೇಲೆ ಅವನು ಕನ್ನಡಿ ನೋಡುತ್ತಾನೆ. ಆ ಹೊತ್ತಿಗೆ ಅವನಲ್ಲಿ ದೈವ ಕಾಣಿಸಿಕೊಳ್ಳುತ್ತದೆ ಎಂಬುದು ನಂಬಿಕೆ. ಆ ಕನ್ನಡಿಯ ಬಗ್ಗೆ ಬರೆಯಬಹುದು. ಬರೆದ ಆಚೆಯವನ ಬೆರಳಿನ ಬಗ್ಗೆ ಬರೆಯಬಹುದು. ದೈವದ ಬಾಯಿಯಲ್ಲಿ ನಮ್ಮ ಮಾತು ತುರುಕುವುದನ್ನು ಮಾತ್ರ ನಾನು ಮಾಡುವುದಿಲ್ಲ. ನುಡಿ ಕೊಡಲು ಅದಕ್ಕೆ ಅದರದ್ದೇ ಬಾಯಿ ಇದೆ.

ಅರ್ಧ ಗಂಟೆ ಸುಮ್ನೆ ನೋಡಿ

ಇಡೀ ಕೆಲಸದಲ್ಲಿ ಜಾಸ್ತಿ ಮುಖ್ಯವಾದದ್ದು ಇದು. ಎಲ್ಲರೂ ಹಾರಿಸಿಬಿಡುವುದೂ ಇದನ್ನೇ.

ಪೆನ್ನು ಕಿಸೆಯಲ್ಲೇ ಇರಲಿ. ಫೋನು ಬ್ಯಾಗಿನಲ್ಲಿರಲಿ. ಮೊದಲ ಐದು ನಿಮಿಷಕ್ಕೆ ಎಲ್ಲ ನೋಡಿಯಾಯಿತು ಅನ್ನಿಸುತ್ತದೆ. ಹತ್ತನೇ ನಿಮಿಷಕ್ಕೆ ಬೇಜಾರು ಬರುತ್ತದೆ. ಆ ಬೇಜಾರನ್ನು ದಾಟಿದ ಮೇಲೆ ಸಣ್ಣಸಣ್ಣದು ಕಣ್ಣಿಗೆ ಬೀಳಲು ಶುರುವಾಗುತ್ತದೆ. ದೀಪದ ಹೆಂಗಸಿನ ಚಿತ್ರದಲ್ಲಿ ನನಗೆ ಬೆರಳುಗಳ ಕೆಂಪು ಕಂಡದ್ದು ಹಾಗೆ. ಅಲ್ಲಿಯವರೆಗೆ ಅವಳ ಮುಖವನ್ನೇ ನೋಡುತ್ತಿದ್ದೆ. ಬೆಳಕು ಬೆರಳಿನ ಅಂಚನ್ನು ತೂರಿ ಬರುತ್ತದೆ, ಅಲ್ಲಿ ಚರ್ಮ ಕೆಂಪಗೆ ಹೊಳೆಯುತ್ತದೆ. ಟಾರ್ಚಿಗೆ ಕೈ ಮುಚ್ಚಿ ಆಡಿದ ಮಕ್ಕಳಿಗೆಲ್ಲ ಗೊತ್ತಿರುವ ಕೆಂಪು ಅದು.

ಅರ್ಧ ಗಂಟೆ ಆದ ಮೇಲೆ ಪೆನ್ನು ತೆಗೆಯಿರಿ. ಕಂಡದ್ದನ್ನು ಮಾತ್ರ ಪಟ್ಟಿ ಮಾಡಿ. ಸುಂದರ, ಅದ್ಭುತ, ದಿವ್ಯ, ಮನಮೋಹಕ ಇವೆಲ್ಲ ನಿಷೇಧ. 'ದುಃಖದ ಮುಖ' ಎಂದು ಬರೆಯಬೇಡಿ, ತುಟಿ ಹೇಗಿದೆ ಎಂದು ಬರೆಯಿರಿ. ಚಿತ್ರದ ಅಂಚು ಎಲ್ಲಿ ಏನನ್ನು ಕತ್ತರಿಸಿದೆ ನೋಡಿ. ಬೆಳಕು ಯಾವ ಕಡೆಯಿಂದ ಬರುತ್ತದೆ, ನೆರಳು ಎಲ್ಲಿ ಬೀಳುತ್ತದೆ ನೋಡಿ. ಮೂಲೆಗಳನ್ನು ಬೇರೆಯಾಗಿಯೇ ನೋಡಿ.

ಮೂಲೆಗೆ ಒಂದು ಒಳ್ಳೆಯ ಸಾಕ್ಷಿ ಇದೆ. ಬ್ರಸೆಲ್ಸಿನ ಮ್ಯೂಸಿಯಮ್ಮಿನಲ್ಲಿ ಇಕಾರಸ್ ಬೀಳುವ ಒಂದು ಚಿತ್ರ ಇದೆ. ಇಕಾರಸ್ ಅಂದರೆ ಗ್ರೀಕ್ ಕತೆಯಲ್ಲಿ ಮೇಣದ ರೆಕ್ಕೆ ಕಟ್ಟಿಕೊಂಡು ಹಾರಿದ ಹುಡುಗ. ಚಿತ್ರಕಾರ ಬ್ರೂಗೆಲ್‌ನದು ಎನ್ನುತ್ತಾರೆ, ಅವನ ಮೂಲ ಚಿತ್ರದ ನಕಲು ಎಂದೂ ಬಹಳ ತಜ್ಞರು ಹೇಳುತ್ತಾರೆ. ಅದರಲ್ಲಿ ಎದುರಿಗೆ ದೊಡ್ಡದಾಗಿ ಕಾಣುವವನು ಹೊಲ ಉಳುವ ರೈತ. ಆಕಾಶದಿಂದ ಬಿದ್ದ ಇಕಾರಸ್ ಮೂಲೆಯಲ್ಲಿ, ನೀರಿನಿಂದ ಹೊರಗೆ ಕಾಣುವ ಎರಡು ಪುಟ್ಟ ಕಾಲು, ಅಷ್ಟೆ. ಇಂಗ್ಲಿಷ್ ಕವಿ ಡಬ್ಲ್ಯು. ಎಚ್. ಆಡೆನ್ 1938ರಲ್ಲಿ ಈ ಚಿತ್ರವನ್ನು ತನ್ನ ಕವಿತೆಯೊಳಗೆ ತಂದ. ಒಬ್ಬ ಮುಳುಗುತ್ತಿದ್ದರೂ ಉಳಿದವರು ಅವರವರ ಕೆಲಸದಲ್ಲಿ ಇರುತ್ತಾರಲ್ಲ, ಅದನ್ನು ಬರೆದ. ಆಮೇಲೆ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಅದೇ ಚಿತ್ರದ ಮೇಲೆ ಇನ್ನೊಂದು ಕವಿತೆ ಬರೆದ. ಚಿತ್ರ ಒಂದೇ, ಕವಿತೆ ಎರಡು. ಎರಡರ ಜೀವವೂ ಆ ಮೂಲೆಯ ಕಾಲಲ್ಲಿದೆ.

ಹೆಸರುಗಳು ಯಾವ ಭಾಷೆಯಲ್ಲಿ ಬಂದವು?

ಇದನ್ನು ಬೇರೆ ಊರಿನವರಿಗೆ ನಾನು ಹೇಳುವುದಿಲ್ಲ, ನಮ್ಮವರಿಗೆ ಹೇಳುತ್ತೇನೆ. ಪಟ್ಟಿ ಮಾಡುವಾಗ ಶಬ್ದ ಯಾವ ಭಾಷೆಯಲ್ಲಿ ಬಂತೋ ಅದರಲ್ಲೇ ಬರೆದುಕೊಳ್ಳಿ. ತುಳುವಿನಲ್ಲಿ ಬಂದರೆ ತುಳು, ಮಲಯಾಳದಲ್ಲಿ ಬಂದರೆ ಮಲಯಾಳ. ಆಮೇಲೆ ತಿದ್ದಿದರಾಯಿತು.

ನಾನು ದೀಪದ ಚಿತ್ರದ ಮುಂದೆ ಕೂತಾಗ ಮೊದಲು ಬಂದದ್ದು ತುಳುವಿನ 'ತುಡರ್'. ಆಮೇಲೆ 'ವಿಳಕ್ಕ್'. ಆ ಶಬ್ದದ ಹತ್ತಿರ ಪೆನ್ನು ನಿಂತಿತು. ಮಲಯಾಳದಲ್ಲಿ ವಿಳಕ್ಕ್ ಎಂದರೆ ದೀಪ. ನಮ್ಮ ಬೆಳಕು ಅದರ ಒಡಹುಟ್ಟಿದ ಶಬ್ದ. ಅವರಿಗೆ ಅದು ಉರಿಯುವ ವಸ್ತುವಾಗಿ ಉಳಿಯಿತು, ನಮಗೆ ಅದರಿಂದ ಚೆಲ್ಲುವ ಪ್ರಭೆ ಆಯಿತು. ನಾನು ಹುಡುಕುತ್ತಿದ್ದ ಕವಿತೆ ಅಲ್ಲಿ ಕೂತಿತ್ತು. ಕನ್ನಡದಲ್ಲಿ ಮಾತ್ರ ಪಟ್ಟಿ ಮಾಡಿದ್ದರೆ ಸಿಗುತ್ತಿರಲಿಲ್ಲ.

ಈಗ ಮಾಹಿತಿ ಹುಡುಕಿ, ಮೊದಲೇ ಅಲ್ಲ

ಯಾರು ಬರೆದದ್ದು, ಯಾವಾಗ, ಯಾವುದರಿಂದ, ಈಗ ಎಲ್ಲಿದೆ. ಈ ನಾಲ್ಕು ಸಾಕು. ನೋಡುವ ಮೊದಲೇ ಇದನ್ನೆಲ್ಲ ಓದಿಬಿಟ್ಟರೆ ಓದಿದ್ದೇ ಕಾಣುತ್ತದೆ. ಹಾಗಂತ ಹುಡುಕದೇ ಬಿಟ್ಟರೆ ನನ್ನ ಹಾಗೆ ಸಭೆಯಲ್ಲಿ ಮಾನ ಹೋಗುತ್ತದೆ.

ಆ ದೀಪದ ಹೆಂಗಸನ್ನು ಬರೆದವರು ಎಸ್. ಎಲ್. ಹಳದಣಕರ್, 1945-46ರ ಹೊತ್ತಿಗೆ. ಚಿತ್ರದ ಹೆಸರು ಗ್ಲೋ ಆಫ್ ಹೋಪ್. ಎಣ್ಣೆಬಣ್ಣ ಎಂದು ತುಂಬಾ ಜನ ನಂಬಿದ್ದಾರೆ, ಅದು ಜಲವರ್ಣ. ಮೂಲ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ದೀಪ ಹಿಡಿದು ನಿಂತವಳು ಅವರದೇ ಮಗಳು ಗೀತಾ. ಅಪ್ಪನ ಮುಂದೆ ಮಗಳು ಗಂಟೆಗಟ್ಟಲೆ ದೀಪ ಹಿಡಿದು ನಿಂತದ್ದು ಗೊತ್ತಾದ ಮೇಲೆ ನನ್ನ ಹಳೆಯ ಕವಿತೆಯ 'ಚೆಲುವೆ' ಎಂಬ ಶಬ್ದ ನಾಚಿಕೆಯಿಂದ ತಾನೇ ಉದುರಿಹೋಯಿತು.

ಸಿಕ್ಕಿದ ಮಾಹಿತಿಯನ್ನೆಲ್ಲ ಕವಿತೆಗೆ ಸುರಿಯಬೇಡಿ. ಇಸವಿ ಕವಿತೆಯಲ್ಲಿ ಚೆನ್ನಾಗಿ ಕೂರುವುದಿಲ್ಲ. ಅದು ನಿಮ್ಮನ್ನು ತಪ್ಪು ಹೇಳದಂತೆ ಕಾಯಲಿ, ಸಾಕು.

ಎಲ್ಲಿ ನಿಂತು ಮಾತಾಡುತ್ತೀರಿ?

ಡಿ.ವಿ.ಜಿ. ಎದುರು ನಿಂತು ಮಾತಾಡಿಸಿದರು. ಅದು ಒಂದು ಜಾಗ. ಚಿತ್ರದೊಳಗಿನವರೇ ಮಾತಾಡಬಹುದು. ಬರೆದವನು ಮಾತಾಡಬಹುದು. ಚಿತ್ರದಲ್ಲಿರುವ ಒಂದು ವಸ್ತು ಮಾತಾಡಬಹುದು. ಅಥವಾ ಮ್ಯೂಸಿಯಮ್ಮಿನ ಕಾವಲುಗಾರ, ದಿನಾ ನೋಡಿ ನೋಡಿ ಬೇಸತ್ತವನು.

ಒಂದು ಪ್ರಯೋಗ ಹೇಳುತ್ತೇನೆ. ಯಕ್ಷಗಾನದ ಆಟ ಇರುವ ದಿನ ಸಂಜೆಯೇ ಹೋಗಿ, ಕೇಳಿಕೊಂಡು, ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ, ಒಂದು ಮೂಲೆಯಲ್ಲಿ ಕೂತುಕೊಳ್ಳಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದಕ್ಕೆ ದೂರ ಹೋಗಬೇಕಾಗಿಲ್ಲ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುವುದನ್ನು ನೋಡಿ. ಒಂದೊಂದೇ ಚುಕ್ಕಿ. ಅದು ಒಣಗಬೇಕು. ಅದರ ಮೇಲೆ ಇನ್ನೊಂದು. ನಗುವ ಹಾಗಿಲ್ಲ, ಚುಟ್ಟಿ ಬಿರಿಯುತ್ತದೆ. ರಾಕ್ಷಸ ಆಗಲು ಹೊರಟ ಮನುಷ್ಯ ಗಂಟೆಗಟ್ಟಲೆ ನಗದೆ ಕೂರುವುದು ನೋಡಿದರೆ ನಿಮಗೇ ಏನೋ ಆಗುತ್ತದೆ. ಈಗ ಈ ಒಂದೇ ದೃಶ್ಯವನ್ನು ಮೂರು ಕಡೆಯಿಂದ ನಾಲ್ಕು ನಾಲ್ಕು ಸಾಲು ಬರೆಯಿರಿ. ಒಮ್ಮೆ ವೇಷಧಾರಿಯಾಗಿ, ಒಮ್ಮೆ ಅವನ ಕೈಯ ಕನ್ನಡಿಯಾಗಿ, ಒಮ್ಮೆ ಪಕ್ಕದಲ್ಲಿ ನಿದ್ದೆ ತೂಗುತ್ತಿರುವ ಹುಡುಗನಾಗಿ. ಮೂರರಲ್ಲಿ ಯಾವುದು ತಾನಾಗಿ ಐದನೇ ಸಾಲಿಗೆ ಹೋಯಿತೋ ಅದು ನಿಮ್ಮ ಜಾಗ.

ದೊಡ್ಡ ಶಿಲ್ಪಗಳಿಗೆ ನಿಲ್ಲುವ ಜಾಗ ಇನ್ನೂ ಮುಖ್ಯ. ನಮ್ಮ ಜಿಲ್ಲೆಯ ಕುಟ್ಟಮತ್ತಿನಲ್ಲಿ ಹುಟ್ಟಿದ ಕಾನಾಯಿ ಕುಞಿರಾಮನ್ 1969ರಲ್ಲಿ ಪಾಲಕ್ಕಾಡಿನ ಮಲಂಪುಳದಲ್ಲಿ ಯಕ್ಷಿಯನ್ನು ಮಾಡಿದರು, ಸುಮಾರು 30 ಅಡಿ ಎತ್ತರ. ಬುಡದಲ್ಲಿ ನಿಂತರೆ ಬರುವ ಕವಿತೆ ಬೇರೆ, ತೋಟದ ಆಚೆ ತುದಿಯಿಂದ ನೋಡಿದರೆ ಬರುವುದು ಬೇರೆ. ಫೋಟೋ ನೋಡಿ ಬರೆದರೆ ಎರಡೂ ಬರುವುದಿಲ್ಲ.

ಚಿತ್ರಕ್ಕೆ ಆಗದ್ದನ್ನು ಮಾಡಿ

ಚಿತ್ರಕ್ಕೆ ಬಣ್ಣ ಇದೆ. ನೀವು 'ಕೆಂಪು' ಎಂದು ಹತ್ತು ಸಲ ಬರೆದರೂ ಅದರ ಎದುರು ಸೋಲುತ್ತೀರಿ. ಆದರೆ ಚಿತ್ರಕ್ಕೆ ಸದ್ದಿಲ್ಲ, ವಾಸನೆ ಇಲ್ಲ, ನಿನ್ನೆ ಇಲ್ಲ, ನಾಳೆ ಇಲ್ಲ. ನಿಮ್ಮ ಕೈಯಲ್ಲಿರುವುದು ಇವೇ. ಇಂಗ್ಲಿಷ್ ಕವಿ ಕೀಟ್ಸ್ 1819ರಲ್ಲಿ ಗ್ರೀಕ್ ಹೂಜಿಯ ಮೇಲೆ ಬರೆದಾಗ ಹಿಡಿದುಕೊಂಡದ್ದು ಇದನ್ನೇ. ಹೂಜಿಯ ಮೇಲಿನ ಪ್ರೇಮಿ ಮುತ್ತಿಡಲು ಬಾಗಿದ್ದಾನೆ, ಎಂದಿಗೂ ಇಡಲಾರ. ಕೊಳಲು ಇದೆ, ಕೇಳಿಸುವುದಿಲ್ಲ. ಅಲ್ಲಿಲ್ಲದ್ದೇ ಕವಿತೆಯಾಯಿತು.

ಹಾಗಾಗಿ ಪಟ್ಟಿಯ ಪಕ್ಕದಲ್ಲಿ ಪ್ರಶ್ನೆ ಬರೆಯಿರಿ. ಈ ಕ್ಷಣದ ಹಿಂದಿನ ಕ್ಷಣ ಏನಾಯಿತು? ಚೌಕಟ್ಟಿನ ಆಚೆ ಯಾರಿದ್ದಾರೆ? ಇಲ್ಲಿ ಯಾವ ಸದ್ದು ಇರಬೇಕಿತ್ತು? ನನಗೆ ಬಂದ ಪ್ರಶ್ನೆ ಒಂದೇ: ಗಾಳಿ ಎಲ್ಲಿಂದ ಬರುತ್ತಿದೆ? ಕೈ ಅಡ್ಡ ಹಿಡಿದಿದ್ದಾಳೆ ಅಂದರೆ ಗಾಳಿ ಇದೆ. ಚಿತ್ರದಲ್ಲಿ ಗಾಳಿಯನ್ನು ಎಲ್ಲೂ ಬರೆದಿಲ್ಲ.

ನನ್ನ ಕರಡು, ನನ್ನ ತಪ್ಪು

ಇಪ್ಪತ್ತು ವರ್ಷದ ಹಿಂದಿನ ಕವಿತೆ ಹೀಗೆ ಶುರುವಾಗಿತ್ತು:

ದೀಪ ಹಿಡಿದ ಚೆಲುವೆ ನೀನು
ಬೆಳಗುತಿಹುದು ನಿನ್ನ ಮೊಗವು
ಕತ್ತಲೆಯನು ಕಳೆವ ತಾಯೆ
ಆಶೆ ತರುವ ನಿನ್ನ ನಗುವು

ಚಪ್ಪಾಳೆ ಹೊಡೆದವರಿಗೆ ದೊಡ್ಡ ನಮಸ್ಕಾರ. ಇದನ್ನು ಬರೆಯಲು ಚಿತ್ರವೇ ಬೇಕಾಗಿಲ್ಲ. ಯಾವ ಕ್ಯಾಲೆಂಡರಿಗೂ ಹೊಂದುತ್ತದೆ. 'ಬೆಳಗುತಿಹುದು', 'ಮೊಗವು' ಎಲ್ಲ ಲಯ ತುಂಬಿಸಲು ಹಾಕಿದ ಹುಲ್ಲು. ನಗು ಅಂತೂ ಪ್ರಾಸಕ್ಕಾಗಿ ಬಂದದ್ದು.

ಮೇಲೆ ಹೇಳಿದ ಎಲ್ಲ ಮಾಡಿದ ಮೇಲೆ ಬರೆದದ್ದು ಇದು:

ಗಾಳಿ ಯಾವ ಕಡೆಯಿಂದ ಎಂದು
ಚಿತ್ರ ಬರೆದವನು ಬರೆದಿಲ್ಲ.
ಅಡ್ಡ ಹಿಡಿದ ಕೈ ಬರೆದಿದ್ದಾನೆ.

ಬೆರಳ ಅಂಚು ಕೆಂಪು.
ನೆತ್ತರು ಕಾಣುವಷ್ಟು ಹತ್ತಿರ
ಬೆಂಕಿ ಇಟ್ಟುಕೊಂಡವಳಿಗೆ
ಬಿಸಿ ತಾಗುವುದಿಲ್ಲವೆ?

ಆಟಿ ತಿಂಗಳು. ಕರೆಂಟು ಹೋಗಿದೆ.
ಹಟ್ಟಿಯಲ್ಲಿ ದನಕ್ಕೆ ನೋವು ಶುರುವಾಗಿದೆ.
ಅಜ್ಜಿ ಚಿಮಿಣಿಗೆ ಕೈ ಅಡ್ಡ ಹಿಡಿದು
ಅಂಗಳ ದಾಟುತ್ತಾಳೆ.

ಬೇಲಿಯಾಚೆಯಿಂದ ಉಮ್ಮ ಕೂಗುತ್ತಾಳೆ:
ವಿಳಕ್ಕ್ ಉಂಡಾ?
ಅಜ್ಜಿ ಹೇಳುತ್ತಾಳೆ:
ಬೆಳಕು ಉಂಟು.

ಇದಕ್ಕೆ ಮೊದಲು ಕೊನೆಯಲ್ಲಿ ಇನ್ನೊಂದು ಸಾಲು ಇತ್ತು: 'ಇಬ್ಬರೂ ಹೇಳಿದ್ದು ಒಂದೇ ದೀಪವನ್ನು.' ಒಂದು ತಿಂಗಳು ಆ ಸಾಲನ್ನು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದೆ. ಆಮೇಲೆ ತೆಗೆದೆ. ಓದುವವರು ದಡ್ಡರಲ್ಲ. ಮಲಯಾಳದ 'ಉಂಡಾ' (ಇದೆಯಾ) ಮತ್ತು ನಮ್ಮ 'ಉಂಟು' ಪಕ್ಕಪಕ್ಕ ಇದ್ದರೆ ಆ ಕೆಲಸ ಅವೇ ಮಾಡುತ್ತವೆ. ಮಂಡ್ಯದವರೋ ಧಾರವಾಡದವರೋ ಆದರೆ ಅಜ್ಜಿ 'ಬೆಳಕು ಇದೆ' ಅಂತಲೋ 'ಐತಿ' ಅಂತಲೋ ಹೇಳಬೇಕಾಗುತ್ತಿತ್ತು. ಆಗ ಈ ಕವಿತೆಯೇ ಇಲ್ಲ.

ಒಪ್ಪಿಕೊಳ್ಳುತ್ತೇನೆ, ಎರಡನೇ ಭಾಗದ ಪ್ರಶ್ನೆ ಇನ್ನೂ ಸ್ವಲ್ಪ ಉದ್ದ ಆಗಿದೆ. ತಿದ್ದಲು ಹೋದರೆ 'ನೆತ್ತರು' ಹೋಗುತ್ತದೆ. ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ.

ಲಯ

ಛಂದಸ್ಸು ಬೇಕಾ ಬೇಡವಾ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಚಿತ್ರವನ್ನೇ ಕೇಳಿ. ಭಿತ್ತಿಚಿತ್ರದಲ್ಲಿ ಒಂದಿಂಚು ಖಾಲಿ ಬಿಡುವುದಿಲ್ಲ, ಎಲ್ಲ ಕಡೆ ಆಭರಣ, ಹೂವು. ಅದಕ್ಕೆ ಉದ್ದ ಸಾಲು, ಷಟ್ಪದಿಯ ಓಟ ಒಪ್ಪುತ್ತದೆ. ಒಂದೇ ಗೆರೆಯಲ್ಲಿ ಮುಗಿಸಿದ ರೇಖಾಚಿತ್ರಕ್ಕೆ ಷಟ್ಪದಿ ಹಾಕಿದರೆ ಬಡಕಲು ಹುಡುಗನಿಗೆ ಕಿರೀಟ ಕಟ್ಟಿದ ಹಾಗೆ. ಯಕ್ಷಗಾನ ಕೇಳಿ ಬೆಳೆದವರು ಒಂದು ಜಾಗ್ರತೆ ಮಾಡಿ. ನಮ್ಮ ಕಿವಿಯಲ್ಲಿ ಭಾಮಿನಿ ಷಟ್ಪದಿ ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ ಕೇಳದೇ ಬಂದುಬಿಡುತ್ತದೆ. ಕರೆದಾಗ ಮಾತ್ರ ಬರಲಿ.

ಒಂದು ಪರೀಕ್ಷೆ

ಚಿತ್ರ ನೋಡದ ಒಬ್ಬರಿಗೆ ಕವಿತೆ ಓದಿ ಹೇಳಿ. ಚಿತ್ರ ತೋರಿಸಬೇಡಿ. ಅವರಿಗೆ ಕವಿತೆ ಕವಿತೆಯಾಗಿ ಸಿಕ್ಕಿತಾ ನೋಡಿ. ಆಮೇಲೆ ಚಿತ್ರ ತೋರಿಸಿ. "ಓ, ಇದೇನಾ" ಎಂದು ಸುಮ್ಮನಾದರೆ ನೀವು ವರ್ಣನೆ ಮಾತ್ರ ಮಾಡಿದ್ದೀರಿ. ಚಿತ್ರವನ್ನು ಇನ್ನೊಮ್ಮೆ ಹತ್ತಿರ ಹಿಡಿದು ನೋಡಿದರೆ ಕವಿತೆ ಕೆಲಸ ಮಾಡಿದೆ. ಹೆಂಡತಿ, ಗಂಡ, ಗೆಳೆಯರು ಈ ಪರೀಕ್ಷೆಗೆ ಆಗುವುದಿಲ್ಲ. ಹೊಗಳುತ್ತಾರೆ, ಇಲ್ಲದಿದ್ದರೆ ಬೈಯುತ್ತಾರೆ.

ಅಚ್ಚಿಗೆ ಕೊಡುವಾಗ

ಚಿತ್ರದ ಮೇಲೆ ಕವಿತೆ ಬರೆಯಲು ಯಾರ ಅನುಮತಿಯೂ ಬೇಡ. ಚಿತ್ರವನ್ನೂ ಜೊತೆಗೆ ಅಚ್ಚು ಹಾಕುವುದಾದರೆ ಬೇರೆ ಲೆಕ್ಕ. ನಮ್ಮ ಕಾನೂನಿನಲ್ಲಿ ಕಲಾಕೃತಿಯ ಹಕ್ಕು ಕಲಾವಿದ ತೀರಿಕೊಂಡ ಮರುವರ್ಷದ ಮೊದಲ ದಿನದಿಂದ 60 ವರ್ಷ ಇರುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರ ಚಿತ್ರಗಳಿಗೆ ತಡೆ ಇಲ್ಲ. ಹಳದಣಕರ್ ತೀರಿಕೊಂಡದ್ದು 1968ರಲ್ಲಿ, ಅಂದರೆ 2028ರ ಕೊನೆಯವರೆಗೆ ಹಕ್ಕು ಉಂಟು. ಕೆ. ಕೆ. ಹೆಬ್ಬಾರರು 1996ರಲ್ಲಿ ಹೋದವರು, ಅವರ ರೇಖಾಚಿತ್ರ ಬಳಸಬೇಕಿದ್ದರೆ ಕೇಳಲೇಬೇಕು. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪದ ಫೋಟೋ ತೆಗೆದು ಹಾಕಲು ಅಡ್ಡಿ ಇಲ್ಲ. ದೇವಸ್ಥಾನದ ಒಳಗಿನದಾದರೆ ಮೊದಲು ಅಲ್ಲಿಯವರನ್ನೇ ಕೇಳಿ. ಅಲ್ಲಿ ಕಾನೂನಿಗಿಂತ ಮೊದಲು ಮರ್ಯಾದೆ.

ಶೀರ್ಷಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕಿ: ಕಲಾವಿದರ ಹೆಸರು, ಕೃತಿಯ ಹೆಸರು, ಮಾಧ್ಯಮ, ಇರುವ ಜಾಗ. ನನ್ನ ಹಳೆಯ ಡೈರಿಯಲ್ಲಿ ಆ ಮೊದಲ ಕವಿತೆಯ ತಲೆಯ ಮೇಲೆ 'ರವಿವರ್ಮ' ಎಂದೇ ಇದೆ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ನೀಲಿ ಪೆನ್ನಿನಿಂದ 'ಹಳದಣಕರ್, ಜಲವರ್ಣ, ಮೈಸೂರು' ಎಂದು ಬರೆದಿಟ್ಟಿದ್ದೇನೆ. ದೀಪ ಯಾವ ಕೈಯಲ್ಲಿದೆ ಎಂದೂ ಬರೆದಿದ್ದೇನೆ. ಇಲ್ಲಿ ಹೇಳುವುದಿಲ್ಲ, ನೀವೇ ಹೋಗಿ ನೋಡಿ.